ಕಿಡ್ನಿಯಲ್ಲಿ ಹುಟ್ಟಿ ಮೆದುಳಿಗೆ ಹೊಡೆಯುವ ಬಿಪಿ: ಇಪ್ಪತ್ತರ ಹರೆಯದವರೂ ತಿಳಿದಿರಬೇಕಾದ ಸಂಗತಿ

ಗುಬ್ಬಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಆಗ ಇಪ್ಪತ್ತೆರಡು ವರ್ಷ. ದಿನಾ ಬೆಳಗ್ಗೆ ರೈಲು ಹಿಡಿದು ತುಮಕೂರಿಗೆ ಬಂದು ಬಿ.ಕಾಂ. ಓದ್ತಿದ್ಲು. ಏಳೆಂಟು ತಿಂಗಳಿಂದ ತಲೆನೋವು. ಮೊದಲು ಕನ್ನಡಕದ ನಂಬರ್ ಬದಲಾಯ್ತು. ಆಮೇಲೆ ‘ಪಿತ್ತ’ ಅಂದ್ರು, ‘ಪರೀಕ್ಷೆ ಟೆನ್ಷನ್’ ಅಂದ್ರು. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ನುಂಗೋದು ಅಭ್ಯಾಸವಾಯ್ತು. ಮೂರು ಕಡೆ ತೋರಿಸಿದ್ದರು. ಮೂರು ಕಡೆಯಲ್ಲೂ ಯಾರೂ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಲಿಲ್ಲ. ಆ ವಯಸ್ಸಿನ ಹುಡುಗಿಗೆ ಎಂಥಾ ಬಿಪಿ?

ಒಂದು ಬೆಳಗ್ಗೆ ‘ಅಮ್ಮಾ, ಕಣ್ಣು ಮಂಜಾಗ್ತಿದೆ’ ಅಂದವಳು ಅಡುಗೆಮನೆ ಬಾಗಿಲಲ್ಲೇ ಕುಸಿದು ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಬಲಗೈ ಬಿಪಿ 220/130. ಎಡಗೈಯಲ್ಲಿ ನಾಡಿಯೇ ಸರಿಯಾಗಿ ಸಿಗಲಿಲ್ಲ. ಮೆದುಳಿನ ಸ್ಕ್ಯಾನಿನಲ್ಲಿ ಹಿಂಭಾಗ ಊದಿಕೊಂಡಿತ್ತು. ಆದರೆ ಕಾಯಿಲೆ ಶುರುವಾಗಿದ್ದು ಮೆದುಳಲ್ಲಲ್ಲ. ಒಂದು ಕಿಡ್ನಿಗೆ ರಕ್ತ ಒಯ್ಯುವ ನಾಳ ಕಿರಿದಾಗಿತ್ತು.

ಅವಳು ಉಳಿದುಕೊಂಡಳು, ಈಗ ಕೆಲಸಕ್ಕೂ ಹೋಗ್ತಾಳೆ. ಆದರೆ ಅವತ್ತಿನಿಂದ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಸೊಂಟದ ಮೇಲ್ಭಾಗದಲ್ಲಿರುವ ಕಿಡ್ನಿಗೂ ತಲೆಬುರುಡೆಯೊಳಗಿನ ಮೆದುಳಿಗೂ ಏನು ಸಂಬಂಧ? ನಾನು ವೈದ್ಯನಲ್ಲ. ಓದಿ, ಕೇಳಿ, ತಿಳಿದವರ ಹತ್ತಿರ ತಿದ್ದಿಸಿಕೊಂಡು ಅರ್ಥ ಮಾಡಿಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಇದು ಬರೀ ವೈದ್ಯಕೀಯದ ವಿಷಯವಲ್ಲ. ಯಾರ ತೋಳಿಗೆ ಪಟ್ಟಿ ಸುತ್ತಬೇಕು ಅಂತ ತೀರ್ಮಾನಿಸುವ ಆರೋಗ್ಯ ರಾಜಕಾರಣದ ವಿಷಯವೂ ಹೌದು.

ಬಿಪಿ ಅಂದ್ರೆ ಕೋಪ ಅಲ್ಲ

ನಮ್ಮ ಕಡೆ ಯಾರಾದರೂ ರೇಗಿದರೆ ‘ಬಿಪಿ ಏರಿಸ್ಕೋಬೇಡ ಕಣಪ್ಪ’ ಅಂತೀವಿ. ಈ ಮಾತು ಎಷ್ಟು ಬೇರೂರಿದೆ ಅಂದ್ರೆ, ಶಾಂತ ಸ್ವಭಾವದವರಿಗೆ ಬಿಪಿ ಬರಲ್ಲ ಅಂತಲೇ ಬಹಳ ಜನ ನಂಬಿದ್ದಾರೆ. ರಕ್ತದೊತ್ತಡ ಅಂದರೆ ಹರಿಯುವ ರಕ್ತ ನಾಳದ ಗೋಡೆಗೆ ಕೊಡುವ ಒತ್ತಡ, ಅಷ್ಟೇ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21.3 ಮಂದಿಗೆ ಬಿಪಿ ಹೆಚ್ಚಿತ್ತು ಅಥವಾ ಅವರು ಅದಕ್ಕೆ ಮಾತ್ರೆ ತಗೋತಿದ್ದರು.

ಇವರಲ್ಲಿ ಹೆಚ್ಚಿನವರಿಗೆ ಇಂಥದ್ದೇ ಕಾರಣ ಅಂತ ಬೊಟ್ಟು ಮಾಡಿ ಹೇಳಲಾಗದು. ವಯಸ್ಸು, ಉಪ್ಪು, ತೂಕ, ವಂಶ ಎಲ್ಲ ಸೇರಿ ಆಗುವಂಥದ್ದು. ಒಂದು ಸಣ್ಣ ಪಾಲಿಗೆ ಮಾತ್ರ ಹಿಂದೆ ಬೇರೊಂದು ಕಾಯಿಲೆ ಅಡಗಿರುತ್ತೆ. ಆ ಅಡಗಿದ ಕಾಯಿಲೆಗಳಲ್ಲಿ ಕಿಡ್ನಿಯದ್ದೇ ಮುಖ್ಯ ಪಾತ್ರ. ಬಿಪಿ ಚಿಕ್ಕ ವಯಸ್ಸಲ್ಲಿ ಬಂದಷ್ಟೂ ಹೀಗೆ ಮೂಲ ಕಾರಣ ಇರುವ ಸಾಧ್ಯತೆ ಹೆಚ್ಚು. ಇದನ್ನು ನೆನಪಿಟ್ಟುಕೊಳ್ಳಿ, ಲೇಖನದ ಕೊನೆಗೆ ಬೇಕಾಗುತ್ತೆ.

ಶವಪರೀಕ್ಷೆಯ ಮೇಜಿನ ಮೇಲೆ ಸಿಕ್ಕ ಸುಳಿವು

ಈ ಸಂಬಂಧವನ್ನು ಮೊದಲು ಕಂಡವರು ಸತ್ತವರ ಅಂಗಾಂಗ ಪರೀಕ್ಷಿಸುವವರು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1836ರಲ್ಲಿ ಬರೆದಿದ್ದು ಇದನ್ನೇ: ಕಿಡ್ನಿ ಕುಗ್ಗಿ ಗಟ್ಟಿಯಾಗಿರುವವರಲ್ಲಿ ಹೃದಯದ ಎಡಭಾಗ ದಪ್ಪವಾಗಿರುತ್ತೆ. ಹೃದಯ ಯಾವುದೋ ತಡೆಯ ವಿರುದ್ಧ ದುಡಿದಿದೆ ಅಂತ ಅವರಿಗೆ ಅನಿಸಿತು. ಆಗ ರೋಗಿಯ ಬಿಪಿ ಅಳೆಯುವ ಸಾಧನವೇ ಇರಲಿಲ್ಲ. ತೋಳಿಗೆ ಸುತ್ತುವ ಪಟ್ಟಿಯನ್ನು ಇಟಲಿಯ ರಿವಾ-ರೊಚ್ಚಿ ತಂದಿದ್ದು 1896ರಲ್ಲಿ. ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳಿ ಅಳೆಯುವ ವಿಧಾನವನ್ನು ರಷ್ಯಾದ ಕೊರೊಟ್ಕಾಫ್ ಹೇಳಿಕೊಟ್ಟಿದ್ದು 1905ರಲ್ಲಿ.

1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಕಿಡ್ನಿಯ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದರು. ಬಿಪಿ ಏರಿತು. ಆ ವಸ್ತುವಿಗೆ ‘ರೆನಿನ್’ ಅಂತ ಹೆಸರಿಟ್ಟರು. ಮುಂದೆ ಮೂವತ್ತೈದು ವರ್ಷ ಬಹುಪಾಲು ಜನ ಅದನ್ನು ಮರೆತೇಬಿಟ್ಟರು.

ಮತ್ತೆ ನೆನಪಿಸಿದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನ ರೋಗಶಾಸ್ತ್ರಜ್ಞ ಹ್ಯಾರಿ ಗೋಲ್ಡ್‌ಬ್ಲಾಟ್. ಬಿಪಿ ಇದ್ದವರ ಶವಪರೀಕ್ಷೆಯಲ್ಲಿ ಕಿಡ್ನಿಯ ರಕ್ತನಾಳಗಳು ಕಿರಿದಾಗಿರೋದು ಅವರ ಕಣ್ಣಿಗೆ ಬಿತ್ತು. ಬಿಪಿಯಿಂದ ನಾಳ ಕಿರಿದಾಯ್ತು ಅಂತ ಎಲ್ಲರೂ ಹೇಳುತ್ತಿದ್ದ ಕಾಲ. ಇವರು ಉಲ್ಟಾ ಕೇಳಿದರು: ನಾಳ ಕಿರಿದಾಗಿದ್ದಕ್ಕೇ ಬಿಪಿ ಬಂತಾ? ನಾಯಿಗಳ ಕಿಡ್ನಿಯ ನಾಳಕ್ಕೆ ಬೆಳ್ಳಿಯ ಸಣ್ಣ ಕ್ಲಿಪ್ ಹಾಕಿ ಸ್ವಲ್ಪವೇ ಬಿಗಿದರು. ಬಿಪಿ ಏರಿ, ಏರಿದ ಹಾಗೇ ಉಳೀತು. 1934ರಲ್ಲಿ ಪ್ರಕಟವಾದ ಈ ಪ್ರಯೋಗ ಇವತ್ತಿಗೂ ಪಠ್ಯಪುಸ್ತಕದಲ್ಲಿದೆ.

ಕಾಲುವೆಯ ಕೊನೆಯ ರೈತ

ನಾಳ ಕಿರಿದಾದರೆ ಇಡೀ ಮೈಯ ಬಿಪಿ ಯಾಕೆ ಏರಬೇಕು? ತುಮಕೂರು ಜಿಲ್ಲೆಯವರಿಗೆ ಇದನ್ನು ವಿವರಿಸೋದು ಸುಲಭ. 2025ರಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ ಗುಬ್ಬಿ ಕಡೆ ನಡೆದ ಹೋರಾಟ ನಿಮಗೆ ನೆನಪಿರಬಹುದು. ಕಾಲುವೆಯ ಕೊನೆಯಲ್ಲಿರುವ ಕುಣಿಗಲ್‌ನವರು ‘ನಮಗೆ ನೀರೇ ತಲುಪ್ತಿಲ್ಲ’ ಅಂತಾರೆ, ‘ನಮ್ಮ ಪಾಲು ಹೋಗುತ್ತೆ’ ಅಂತ ಗುಬ್ಬಿಯವರು. ನನಗೆ ಎರಡೂ ಕಡೆ ನೆಂಟರಿದ್ದಾರೆ, ಹಾಗಾಗಿ ಹಬ್ಬದೂಟದ ಹೊತ್ತಲ್ಲಿ ಈ ವಿಷಯ ಎತ್ತಲ್ಲ.

ನಾಳ ಕಿರಿದಾದ ಕಿಡ್ನಿ ಕಾಲುವೆಯ ಕೊನೆಯ ರೈತನ ಹಾಗೆ. ತನಗೆ ರಕ್ತ ಕಡಿಮೆ ಬಂದಾಗ, ನಡುವೆ ಎಲ್ಲೋ ಕಾಲುವೆ ಕಟ್ಟಿಕೊಂಡಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಅಣೆಕಟ್ಟಲ್ಲೇ ನೀರಿಲ್ಲ ಅಂದ್ಕೊಳ್ಳುತ್ತೆ. ತಕ್ಷಣ ರೆನಿನ್ ಬಿಡುತ್ತೆ. ರೆನಿನ್‌ನಿಂದ ಕೊನೆಗೆ ಆಂಜಿಯೊಟೆನ್ಸಿನ್ ತಯಾರಾಗುತ್ತೆ. ಅದು ಮೈಯ ಸಣ್ಣ ನಾಳಗಳನ್ನೆಲ್ಲ ಬಿಗಿಯುತ್ತೆ, ಉಪ್ಪು-ನೀರನ್ನು ಹೊರಹೋಗದಂತೆ ಹಿಡಿದಿಡುತ್ತೆ. ಕಟ್ಟಿಕೊಂಡ ಜಾಗ ಹಾಗೇ ಇರುತ್ತೆ, ಒತ್ತಡ ಮಾತ್ರ ಎಲ್ಲ ಕಡೆ ಏರುತ್ತೆ. ಏರಿದ ನೀರು ದಂಡೆ ಒಡೆಯೋದು ಬೇರೆಲ್ಲೋ.

ಈ ‘ಬೇರೆಲ್ಲೋ’ ಅನ್ನೋದನ್ನು ತೋರಿಸಿದವರು ಬ್ರಿಟನ್ನಿನ ಕ್ಲಿಫರ್ಡ್ ವಿಲ್ಸನ್ ಮತ್ತು ಎಫ್. ಬಿ. ಬೈರಮ್. 1939ರಲ್ಲಿ ಅವರು ಇಲಿಗಳ ಒಂದೇ ಕಿಡ್ನಿಯ ನಾಳವನ್ನು ಬಿಗಿದರು. ವಿಚಿತ್ರ ನೋಡಿ, ಹಾಳಾಗಿದ್ದು ಬಿಗಿಯದೆ ಬಿಟ್ಟ ಇನ್ನೊಂದು ಕಿಡ್ನಿ. ಕ್ಲಿಪ್ ಹಾಕಿದ ಕಿಡ್ನಿಗೆ ಆ ಕ್ಲಿಪ್ಪೇ ರಕ್ಷಣೆಯಾಯ್ತು. ಅಡ್ಡಿಯಿಲ್ಲದೆ ಪೂರ್ತಿ ಒತ್ತಡ ಉಂಡ ಒಳ್ಳೆಯ ಕಿಡ್ನಿಯ ನಾಳಗಳು ಸುಟ್ಟವು. ಬಿಪಿಯಿಂದ ಕಿಡ್ನಿ ಕೆಡುತ್ತೆ, ಕೆಟ್ಟ ಕಿಡ್ನಿಯಿಂದ ಬಿಪಿ ಮತ್ತೆ ಏರುತ್ತೆ. ಈ ವಿಷವರ್ತುಲವನ್ನು ಅವರು ಕಣ್ಣಾರೆ ತೋರಿಸಿದರು.

ಮೆದುಳಿಗೆ ಯಾಕೆ ಇಷ್ಟು ಪೆಟ್ಟು?

ಮೈಯ ತೂಕದಲ್ಲಿ ಮೆದುಳಿನ ಪಾಲು ಶೇ. 2ರಷ್ಟು. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಅದಕ್ಕೆ ಸುಮಾರು ಶೇ. 15 ಬೇಕು. ಎರಡೂ ಕಿಡ್ನಿ ಸೇರಿ ಶೇ. 20ರಷ್ಟು ಎಳೆದುಕೊಳ್ಳುತ್ತವೆ. ಹಗಲು-ರಾತ್ರಿ ಬಿಡುವಿಲ್ಲದೆ ರಕ್ತ ಬೇಡುವ ಅಂಗಗಳಿವು. ಅದಕ್ಕೇ ಎರಡರಲ್ಲೂ ದೊಡ್ಡ ನಾಳದಿಂದ ಕೂದಲೆಳೆಯಂಥ ನಾಳಗಳು ನೇರವಾಗಿ ಕವಲೊಡೆಯುವ ಜಾಗಗಳಿವೆ. ದೊಡ್ಡ ಕೆರೆಯಿಂದ ತೂಬೇ ಇಲ್ಲದೆ ಗದ್ದೆಗೆ ನೀರು ಬಿಟ್ಟ ಹಾಗೆ. ಒತ್ತಡ ಏರಿದರೆ ಮೊದಲು ಕೊಚ್ಚಿಹೋಗುವುದು ಈ ಕವಲುಗಳೇ.

ಮೆದುಳಿಗೆ ತನ್ನದೇ ರಕ್ಷಣೆಯೂ ಇದೆ. ಬಿಪಿ ಏರಿದರೆ ಅದರ ಸಣ್ಣ ನಾಳಗಳು ಬಿಗಿದುಕೊಳ್ಳುತ್ತವೆ, ಇಳಿದರೆ ಸಡಿಲವಾಗುತ್ತವೆ. ಹೀಗೆ ಒಳಗೆ ರಕ್ತದ ಹರಿವು ಒಂದೇ ಸಮ ಇರುತ್ತೆ. ಒಂದು ಮಿತಿ ದಾಟಿದರೆ ಈ ಏರ್ಪಾಡು ಕೈಕೊಡುತ್ತೆ. 1928ರಲ್ಲಿ ಒಪನ್‌ಹೈಮರ್ ಮತ್ತು ಫಿಶ್‌ಬರ್ಗ್ ಇದಕ್ಕೆ ‘ಹೈಪರ್‌ಟೆನ್ಸಿವ್ ಎನ್‌ಸೆಫಲೋಪತಿ’ ಅಂತ ಹೆಸರಿಟ್ಟರು: ತೀವ್ರ ತಲೆನೋವು, ಕಣ್ಣು ಮಂಜು, ಗೊಂದಲ, ಫಿಟ್ಸ್. ಗುಬ್ಬಿಯ ಅಡುಗೆಮನೆ ಬಾಗಿಲಲ್ಲಿ ನಡೆದಿದ್ದು ಇದೇ.

1954ರಲ್ಲಿ ಅದೇ ಬೈರಮ್ ಕಿಡ್ನಿ ನಾಳ ಬಿಗಿದ ಇಲಿಗಳ ಮೆದುಳಿನ ಮೇಲ್ಮೈಯ ನಾಳಗಳನ್ನು ಬದುಕಿದ್ದಾಗಲೇ ನೋಡಿದರು. ಬಿಪಿ ಮಿತಿ ಮೀರಿದಾಗ ನಾಳಗಳು ಅಲ್ಲಲ್ಲಿ ಸೆಟೆದುಕೊಂಡಿದ್ದವು. ಕಿಡ್ನಿಯ ಕ್ಲಿಪ್ ತೆಗೆದಾಗ ಬಿಪಿ ಇಳಿಯಿತು, ಮೆದುಳಿನ ನಾಳಗಳೂ ಸುಧಾರಿಸಿದವು. ಸೆಟೆತವೇ ಮೂಲ ಅಂತ ಬೈರಮ್ ನಂಬಿದ್ದರು. ನಂತರ ಬಂದವರು ಹೆಚ್ಚಾಗಿ ಒಪ್ಪಿದ್ದು ಬೇರೆ: ತಡೆಯಲಾಗದ ನಾಳಗಳು ಉಬ್ಬಿ, ಒಳಗಿನ ದ್ರವ ಜಿನುಗಿ ಮೆದುಳು ಊದಿಕೊಳ್ಳುತ್ತೆ. ವಿವರಣೆ ಬದಲಾದರೂ ಬೈರಮ್ ಕಂಡ ಮುಖ್ಯ ಸತ್ಯ ಬದಲಾಗಲಿಲ್ಲ. ಸಕಾಲಕ್ಕೆ ಒತ್ತಡ ಇಳಿಸಿದರೆ ಮೆದುಳು ಚೇತರಿಸಿಕೊಳ್ಳಬಲ್ಲದು.

ಹಾಗಂತ ಒಂದೇ ಸಲ ಸರ್ರಂತ ಇಳಿಸುವ ಹಾಗೂ ಇಲ್ಲ. ವರ್ಷಗಟ್ಟಲೆ ಹೆಚ್ಚು ಬಿಪಿಗೆ ಒಗ್ಗಿದ ಮೆದುಳಿಗೆ ದಿಢೀರ್ ಇಳಿಕೆಯಾದರೆ ರಕ್ತವೇ ಸಾಲದೆ ಹೋಗಬಹುದು. ‘ನಾಲಗೆ ಕೆಳಗೆ ಒಂದು ಮಾತ್ರೆ ಇಟ್ಬಿಡಿ’ ಅನ್ನುವ ಮನೆವೈದ್ಯ ಅಪಾಯ ಅನ್ನೋದು ಅದಕ್ಕೇ.

ಸದ್ದಿಲ್ಲದ ಹಾನಿ

ಚಿಕ್ಕಪ್ಪನ ಮಗಳದ್ದು ಸಿಡಿಲಿನ ಹಾಗೆ ಬಡಿದ ಕಾಯಿಲೆ. ಕುಣಿಗಲ್‌ನಲ್ಲಿರುವ ನನ್ನ ಸೋದರಮಾವನದ್ದು ಗೆದ್ದಲು ಹಿಡಿದ ಹಾಗೆ. ಹದಿನೈದು ವರ್ಷದಿಂದ ಬಿಪಿ. ‘ತಲೆ ಸುತ್ತಲ್ಲ, ಏನಿಲ್ಲ, ಮಾತ್ರೆ ಯಾಕೆ’ ಅಂತ ಮೂರು ತಿಂಗಳು ತಗೊಂಡ್ರೆ ಆರು ತಿಂಗಳು ಬಿಡೋರು. ಅವರಿಗೆ ಲಕ್ವ ಹೊಡೆಯಲಿಲ್ಲ. ನಡಿಗೆ ನಿಧಾನವಾಯ್ತು, ಹೆಜ್ಜೆ ಸಣ್ಣದಾಯ್ತು. ತೋಟದ ಲೆಕ್ಕ ಬಾಯಲ್ಲೇ ಹೇಳ್ತಿದ್ದ ಮನುಷ್ಯ ಅಡಿಕೆ ವ್ಯಾಪಾರದ ದುಡ್ಡು ಬಂತೋ ಇಲ್ಲವೋ ಅಂತ ಎರಡೆರಡು ಸಲ ಕೇಳೋಕೆ ಶುರು ಮಾಡಿದರು. ಮನೆಯವರು ‘ವಯಸ್ಸಾಯ್ತು’ ಅಂದರು.

ರೋಗಶಾಸ್ತ್ರಜ್ಞರು ಇಂಥ ಮೆದುಳನ್ನು ಕತ್ತರಿಸಿದಾಗ ಆಳದಲ್ಲಿ ಕಾಳಿನಷ್ಟು ಗುಳಿಗಳು ಕಾಣುತ್ತವೆ. ಸಣ್ಣ ನಾಳ ಮುಚ್ಚಿ ಅಷ್ಟು ಭಾಗ ಸತ್ತ ಗುರುತುಗಳಿವು, ‘ಲ್ಯಾಕ್ಯೂನ್’ ಅಂತಾರೆ. ಇಂಥ ನಾಳಗಳೇ ಒಡೆದರೆ ಮೆದುಳಿನಲ್ಲಿ ರಕ್ತಸ್ರಾವ. 1868ರಲ್ಲೇ ಶಾರ್ಕೋ ಮತ್ತು ಬುಷಾರ್ ಪ್ಯಾರಿಸ್‌ನಲ್ಲಿ ಈ ಸಣ್ಣ ನಾಳಗಳ ಮೇಲಿನ ಉಬ್ಬುಗಳನ್ನು ವರ್ಣಿಸಿದ್ದರು.

ಮರೆವಿನ ಕಾಯಿಲೆಗೂ ಇದಕ್ಕೂ ಏನು ನಂಟು? ಅಮೆರಿಕದ ಡೇವಿಡ್ ಸ್ನೋಡನ್ ಕ್ರೈಸ್ತ ಸನ್ಯಾಸಿನಿಯರು ಸ್ವಇಚ್ಛೆಯಿಂದ ದಾನ ಮಾಡಿದ ಮೆದುಳುಗಳ ಅಧ್ಯಯನ ನಡೆಸಿದರು. 1997ರ ಅವರ ವರದಿಯಲ್ಲಿ ಕಂಡಿದ್ದು: ಅಲ್ಝೈಮರ್ ಗುರುತುಗಳಿದ್ದ ಮೆದುಳುಗಳಲ್ಲೂ, ಜೊತೆಗೆ ಈ ಸಣ್ಣ ಗುಳಿಗಳಿದ್ದ ಸನ್ಯಾಸಿನಿಯರಲ್ಲಿ ಬದುಕಿದ್ದಾಗ ಮರೆವು ಬಹಳ ಹೆಚ್ಚಿತ್ತು. ಅಂದರೆ ಒಂದು ಕಾಯಿಲೆಯನ್ನು ತಾಳಿಕೊಂಡಿದ್ದ ಮೆದುಳು, ಎರಡನೆಯದು ಸೇರಿದಾಗ ಸೋತಿತು. ಅಲ್ಝೈಮರ್‌ಗೆ ಇನ್ನೂ ಪೂರ್ತಿ ಮದ್ದಿಲ್ಲ. ಬಿಪಿಗೆ ಇದೆ, ಅದೂ ಅಗ್ಗದ್ದು. 2019ರಲ್ಲಿ ಪ್ರಕಟವಾದ ‘ಸ್ಪ್ರಿಂಟ್ ಮೈಂಡ್’ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗೆ ತರಲು ಚಿಕಿತ್ಸೆ ಪಡೆದವರಲ್ಲಿ, 140ರ ಗುರಿ ಇದ್ದವರಿಗಿಂತ, ಆರಂಭಿಕ ಮರೆವಿನ ಸಮಸ್ಯೆ ಶೇ. 19ರಷ್ಟು ಕಡಿಮೆಯಾಗಿತ್ತು. ಪೂರ್ಣ ಡಿಮೆನ್ಷಿಯಾ ವಿಷಯದಲ್ಲಿ ಮಾತ್ರ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ.

ಎಪ್ಪತ್ತು ಕಿಲೋಮೀಟರ್ ದೂರದ ಮೆದುಳು ಬ್ಯಾಂಕ್

ಇದೆಲ್ಲ ಪರದೇಶದ ಮಾತಾಯ್ತು ಅಂತೀರಾ? ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಅದನ್ನು ಕಟ್ಟಿದವರು ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್. ಹತ್ತಿರದ ಬಂಧುಗಳ ಒಪ್ಪಿಗೆ ಪಡೆದು ಸಂಗ್ರಹಿಸಿದ ಮೆದುಳಿನ ಅಂಗಾಂಶವನ್ನು ಅಲ್ಲಿ ಕಾಪಿಟ್ಟು ಸಂಶೋಧಕರಿಗೆ ಒದಗಿಸುತ್ತಾರೆ. ಜೊತೆಗೊಂದು ಮೆದುಳು ಮ್ಯೂಸಿಯಂ ಇದೆ. ಸಾರ್ವಜನಿಕರೂ ಹೋಗಬಹುದು, ನಿಜವಾದ ಮೆದುಳನ್ನು ಮುಟ್ಟಿ ನೋಡಬಹುದು. ರಕ್ತಸ್ರಾವವಾದ ಮೆದುಳಿನ ಹೋಳು ಎದುರಿಗೆ ಕಂಡಾಗ, ಬಿಪಿ ಮಾತ್ರೆ ಬಿಟ್ಟರೆ ಏನಾಗುತ್ತೆ ಅಂತ ಯಾರೂ ಭಾಷಣ ಮಾಡಬೇಕಾಗಿಲ್ಲ.

ಇಂಥ ಬ್ಯಾಂಕ್ ನಮ್ಮಲ್ಲಿ ಇರಬೇಕಾದ್ದು ಯಾಕೆ? ಕ್ಷಯ, ಲಾಡಿಹುಳು ಮೆದುಳಿಗೇರುವ ಕಾಯಿಲೆ, ನಮ್ಮ ಊಟ, ನಮ್ಮ ವಂಶವಾಹಿ, ಅರೆಬರೆ ಚಿಕಿತ್ಸೆಯ ಬಿಪಿ, ಇವೆಲ್ಲವನ್ನೂ ಉಂಡ ಮೆದುಳಿನ ಕತೆ ಅಮೆರಿಕದ ಸನ್ಯಾಸಿನಿಯ ಮೆದುಳಿನಲ್ಲಿ ಸಿಗಲ್ಲ. ಬದುಕಿರುವವರ ಅಧ್ಯಯನವೂ ನಡೀತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿ ಇಟ್ಟುಕೊಂಡಿದೆ. ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಮೂವತ್ತರ ಗೆರೆ

ಈಗ ರಾಜಕಾರಣಕ್ಕೆ ಬರೋಣ. ಸರ್ಕಾರದ ಕಾರ್ಯಕ್ರಮದಲ್ಲಿ ಬಿಪಿ-ಶುಗರ್ ತಪಾಸಣೆಗೆ ಗುರಿ ಮಾಡಿರೋದು 30 ವರ್ಷ ದಾಟಿದವರನ್ನು. ಇರುವ ಕೈಗಳಿಗೆ ಹೆಚ್ಚು ಕಾಯಿಲೆ ಸಿಗುವ ಕಡೆ ಹುಡುಕೋದು ತಪ್ಪಲ್ಲ, ನಾನು ಅದನ್ನು ಹೀಗಳೆಯಲ್ಲ. ಆದರೆ ನನ್ನ ಚಿಕ್ಕಪ್ಪನ ಮಗಳು ಆ ಗೆರೆಯ ಹೊರಗಿದ್ದಳು.

ಅವಳಿಗಿದ್ದದ್ದು ಟಕಯಾಸು ಆರ್ಟರೈಟಿಸ್. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿತೊ ಟಕಯಾಸು ಹೇಳಿದ ಕಾಯಿಲೆ. ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆ ಊದಿಕೊಂಡು ಕಿರಿದಾಗುತ್ತವೆ. ಕೈಗೆ ಹೋಗುವ ನಾಳ ಮುಚ್ಚಿದರೆ ನಾಡಿ ಸಿಗಲ್ಲ, ಕಿಡ್ನಿಗೆ ಹೋಗುವುದು ಕಿರಿದಾದರೆ ಗೋಲ್ಡ್‌ಬ್ಲಾಟ್‌ನ ಕ್ಲಿಪ್ ಹಾಕಿದ ಹಾಗೇ. ಅಪರೂಪದ ಕಾಯಿಲೆ ಹೌದು, ಆದರೆ ಏಷ್ಯಾದಲ್ಲಿ ಹೆಚ್ಚು, ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚು. ಭಾರತದ ಯುವಜನರಲ್ಲಿ ಕಿಡ್ನಿ ನಾಳದಿಂದ ಬರುವ ಬಿಪಿಗೆ ಇದು ಮುಖ್ಯ ಕಾರಣಗಳಲ್ಲೊಂದು. ಇನ್ನು ಕೆಲವರಿಗೆ ಬಾಲ್ಯದಲ್ಲಿ ಬಂದ ಕಿಡ್ನಿ ಉರಿಯೂತವೇ ಮೂಲ. ಮೂತ್ರ ನೊರೆನೊರೆಯಾಗುತ್ತೆ, ಬೆಳಗ್ಗೆ ಮುಖ ಊದಿರುತ್ತೆ, ಯಾರೂ ಗಮನಿಸಲ್ಲ.

‘ಹುಡುಗಿ, ತಲೆನೋವು, ಟೆನ್ಷನ್’ ಅನ್ನುವ ಮೂರು ಪದ ಒಟ್ಟಿಗೆ ಬಂದರೆ ಪರೀಕ್ಷೆಯೇ ನಿಂತುಬಿಡುತ್ತೆ. ಹೆಣ್ಣುಮಕ್ಕಳ ನೋವನ್ನು ಮನಸ್ಸಿನ ಖಾತೆಗೆ ಬರೆಯುವ ಈ ರೂಢಿ ವೈದ್ಯರೊಬ್ಬರ ತಪ್ಪಲ್ಲ, ನಮ್ಮೆಲ್ಲರ ಮನೆಯದ್ದು. ನಾನೂ ಅವಳಿಗೆ ‘ಮೊಬೈಲ್ ಕಡಿಮೆ ನೋಡು’ ಅಂದಿದ್ದೆ. ಅವಳು ಸುಮ್ಮನೆ ‘ಸರಿ ಅಣ್ಣ’ ಅಂದಿದ್ಲು.

ಹಾಗಾದರೆ ಏನು ಕೇಳಬೇಕು, ಏನು ಮಾಡಬೇಕು

ಮೊದಲು ನಮ್ಮ ಮಟ್ಟಿಗೆ. ವಯಸ್ಸು ಎಷ್ಟೇ ಇರಲಿ, ಪದೇ ಪದೇ ತಲೆನೋವು ಬಂದರೆ ‘ಬಿಪಿ ನೋಡಿ’ ಅಂತ ಕೇಳಿ. ಎರಡೂ ತೋಳಲ್ಲಿ ನೋಡಿಸಿ. ಮೂವತ್ತರೊಳಗೆ ಬಿಪಿ ಸಿಕ್ಕಿದರೆ, ಅಥವಾ ಮೂರು ಬಗೆಯ ಮಾತ್ರೆಗೂ ಬಗ್ಗದಿದ್ದರೆ, ‘ಕಿಡ್ನಿ ಕಾರಣ ಇರಬಹುದಾ?’ ಅಂತ ವೈದ್ಯರನ್ನು ಕೇಳೋದು ಅಧಿಕಪ್ರಸಂಗ ಅಲ್ಲ. ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಇವೆರಡೂ ದುಬಾರಿ ಪರೀಕ್ಷೆಗಳಲ್ಲ. ಮೈಕೈ ನೋವಿಗೆ ಡೈಕ್ಲೋಫಿನ್ಯಾಕ್‌ನಂಥ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಡಿ. ಅದು ಬಿಪಿ ಏರಿಸುತ್ತೆ, ಕಿಡ್ನಿಯನ್ನೂ ಕೆಡಿಸಬಲ್ಲದು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮುದ್ದೆ ಜೊತೆ ಉಪ್ಪಿನಕಾಯಿ, ಸಂಜೆ ಪೊಟ್ಟಣದ ಕುರುಕಲು ಲೆಕ್ಕ ಹಾಕಿ ನೋಡಿ. ಇನ್ನು ಬಿಪಿ ಮಾತ್ರೆಯನ್ನು ನೀವೇ ಬಿಡಬೇಡಿ, ನೀವೇ ಬದಲಾಯಿಸಲೂಬೇಡಿ. ಟೆಲ್ಮಿಸಾರ್ಟನ್‌ನಂಥ ಒಳ್ಳೆಯ ಮಾತ್ರೆಯೂ ಎರಡೂ ಕಿಡ್ನಿಯ ನಾಳ ಕಿರಿದಾದವರಿಗೆ ತೊಂದರೆ ಕೊಡಬಹುದು.

ಆಮೇಲೆ ಸರ್ಕಾರದ ಮಟ್ಟಿಗೆ. ತಾಲೂಕು ಆಸ್ಪತ್ರೆಗಳಲ್ಲಿ ಸಾಂಕ್ರಾಮಿಕವಲ್ಲದ ರೋಗಗಳ ಕ್ಲಿನಿಕ್, ಹಳ್ಳಿಗಳಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ, ಪಟ್ಟಣದಲ್ಲಿ ನಮ್ಮ ಕ್ಲಿನಿಕ್ ಇವೆ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವೂ ಇದೆ. ಚೌಕಟ್ಟು ಇಲ್ಲ ಅಂತಲ್ಲ. ನಾವು ಕೇಳಬೇಕಾದ್ದು ಸಣ್ಣ ಸಣ್ಣ ಪ್ರಶ್ನೆಗಳು. ನಮ್ಮ ಊರಿನ ಕೇಂದ್ರದಲ್ಲಿ ಬಿಪಿ ಮಾತ್ರೆ ಒಂದು ಸಲಕ್ಕೆ ಮೂವತ್ತು ದಿನಕ್ಕಾಗುವಷ್ಟು ಕೊಡ್ತಾರಾ, ಇಲ್ಲ ವಾರಕ್ಕೊಮ್ಮೆ ಕೂಲಿ ಬಿಟ್ಟು ಬರಬೇಕಾ? ಬಿಪಿ ಯಂತ್ರ ಕೆಟ್ಟರೆ ಎಷ್ಟು ದಿನಕ್ಕೆ ಬದಲಾಗುತ್ತೆ? ಕಾಲೇಜಿಗೆ ಸೇರುವಾಗ ಎಲ್ಲ ವಿದ್ಯಾರ್ಥಿಗಳ ಬಿಪಿಯನ್ನು ಒಮ್ಮೆ ನೋಡೋಕೆ ಎಷ್ಟು ಖರ್ಚಾದೀತು? ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುವ ನಾವು ಇದನ್ನೂ ಕೇಳಬಹುದು. ಡಯಾಲಿಸಿಸ್ ಯಂತ್ರಕ್ಕೆ ಟೇಪು ಕತ್ತರಿಸಿದರೆ ಫೋಟೋ ಬರುತ್ತೆ. ಡಯಾಲಿಸಿಸ್‌ವರೆಗೆ ಹೋಗದ ಮನುಷ್ಯನ ಫೋಟೋ ಯಾರೂ ತೆಗೆಯಲ್ಲ.

ಚಿಕ್ಕಪ್ಪನ ಮಗಳಿಗೆ ಮೊದಲು ಊತ ಇಳಿಸುವ ಔಷಧ, ಅದು ಹತೋಟಿಗೆ ಬಂದ ಮೇಲೆ ಕಿಡ್ನಿಯ ನಾಳಕ್ಕೆ ಬಲೂನ್ ಚಿಕಿತ್ಸೆ ಆಯ್ತು. ಮೆದುಳಿನ ಊತ ಕೆಲವೇ ವಾರದಲ್ಲಿ ಕರಗಿತ್ತು. ಮಾವನ ಮೆದುಳಿನ ಗುಳಿಗಳು ತುಂಬಲ್ಲ. ಇನ್ನಷ್ಟು ಬೀಳದ ಹಾಗೆ ನೋಡಿಕೊಳ್ಳಬಹುದು, ಅಷ್ಟೇ. ಈಗ ಅತ್ತೆ ಮಾತ್ರೆ ಡಬ್ಬಿಯನ್ನು ಕಾಫಿ ಲೋಟದ ಪಕ್ಕದಲ್ಲೇ ಇಡ್ತಾರೆ.

ಹೋದ ತಿಂಗಳು ಗುಬ್ಬಿಗೆ ಹೋಗಿದ್ದೆ. ಅವಳು ಬಿಪಿ ಯಂತ್ರ ಕೊಂಡಿದ್ದಾಳೆ. ಪಕ್ಕದ ಮನೆಯ ಪಿಯುಸಿ ಹುಡುಗಿಯನ್ನು ಜಗಲಿ ಮೇಲೆ ಕೂರಿಸಿ ಪಟ್ಟಿ ಸುತ್ತುತ್ತಿದ್ದಳು. ‘ಮಾತಾಡಬೇಡ, ಕಾಲ ಮೇಲೆ ಕಾಲು ಹಾಕಬೇಡ, ಐದು ನಿಮಿಷ ಸುಮ್ನೆ ಕೂತ್ಕೋ’ ಅಂದಳು. ಯಂತ್ರ 112/74 ಅಂತ ತೋರಿಸಿತು. ಆಮೇಲೆ ನನ್ನ ಕಡೆ ತಿರುಗಿ, ‘ನೀನು ಯಾವಾಗ ನೋಡಿಸಿದ್ದು ಅಣ್ಣ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?